ಎಡಕ್ಕೆ ಹೊರಳಿದ ನೆರಿಗೆ

ಬೆಳಗಿನ ಐದೂಮುಕ್ಕಾಲು. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೊರಟ ಟ್ರ್ಯಾಕ್ಟರುಗಳು ಹುಮನಾಬಾದಿನ ಹೊರಗೆ ಹೆದ್ದಾರಿಯ ಅಂಚಿನಲ್ಲಿ ಒಂದರ ಹಿಂದೊಂದು ನಿಂತಿವೆ. ಅವುಗಳ ಪಕ್ಕದಲ್ಲಿ ಬಂದು ನಿಂತ ಬಸ್ಸಿನಿಂದ ಕಮಳಾಬಾಯಿ ಇಳಿದು ದೊಡ್ಡ ಹೋಟೆಲೊಂದರ ಹಿಂಬಾಗಿಲಿಗೆ ನಡೆಯುತ್ತಾರೆ. ಚಪ್ಪಲಿ ಹೊರಗೆ, ಸೆರಗು ಸೊಂಟಕ್ಕೆ, ತಲೆಗೆ ಬಿಳಿ ಟೊಪ್ಪಿಗೆ, ಮೊಣಕೈವರೆಗೆ ಸಾಬೂನು. ಐವತ್ತೆರಡು ವರ್ಷದ ಈ ಹೆಂಗಸಿನ ದಿನ ಶುರುವಾಗುವುದು ಕುದಿಯುವ ನೀರಿನಿಂದ.

ಗೋಧಿಯ ಪಿಷ್ಟಕ್ಕೆ ಮರಗೆಣಸಿನ ಪಿಷ್ಟ ಬೆರೆಸಿದ ಬಿಳಿ ಪುಡಿ ಬಟ್ಟಲಲ್ಲಿದೆ. ಅದರ ಮೇಲೆ ಎಸರು ಸುರಿದು, ಹಬೆ ಆರುವ ಮೊದಲೇ ಬರಿಗೈಯಿಂದ ನಾದುತ್ತಾರೆ. ಈ ಪುಡಿಗೆ ತನ್ನದೇ ಅಂಟು ಇಲ್ಲ. ನೀರಿನ ಬಿಸಿಯೇ ಅದನ್ನು ಕೂಡಿಸಬೇಕು. ಬಿಸಿ ಆರಿತೆಂದರೆ ಹಿಟ್ಟು ಬಿರುಕು ಬಿಡುತ್ತದೆ, ಮತ್ತೆ ಕೂಡುವುದಿಲ್ಲ. “ಜ್ವಾಳದ ಹಿಟ್ಟಿಗೂ ಹಿಂಗೇ ಅಲ್ರಿ,” ಎನ್ನುತ್ತಾರೆ ಕಮಳಾಬಾಯಿ. “ಸುಡ್ತದಂತ ಕೈ ತಗದ್ರ ರೊಟ್ಟಿ ಆಗೂದಿಲ್ಲ.”

ನಾದಿದ ಹಿಟ್ಟನ್ನು ಒದ್ದೆ ಬಟ್ಟೆಯಡಿ ಮುಚ್ಚಿ, ಕೈಗವಸು ತೊಟ್ಟು ಮಡಚಲು ಕೂರುತ್ತಾರೆ. ಸುಣ್ಣದ ಡಬ್ಬಿಯ ಮುಚ್ಚಳದಷ್ಟು ಅಗಲದ ತೆಳು ಹಾಳೆ ಎಡ ಅಂಗೈಯಲ್ಲಿ; ನಡುವೆ ಕೋಳಿಮಾಂಸದ ಹೂರಣ; ಬಲಗೈ ಬೆರಳುಗಳು ಅಂಚನ್ನು ಚಿವುಟುತ್ತ ಹೋಗುತ್ತವೆ. ಹದಿಮೂರು ನೆರಿಗೆ, ಕೊನೆಗೊಂದು ತಿರುಪು. ಒಂದಕ್ಕೆ ಹದಿನೆಂಟು ಸೆಕೆಂಡು. ಅವರ ಎಡಬದಿಯ ಸ್ಟೂಲಿನ ಮೇಲೆ ಚಿಟಗುಪ್ಪದ ಚಂದಮ್ಮ ಕೂತಿದ್ದಾರೆ. ಸೇರಿ ಮೂರು ತಿಂಗಳಾಗಿಲ್ಲ.

“ಅಕ್ಕಾ, ಜರಾ ಆಚಿ ಸರೀರಿ. ನಿಮ್ಮ ಕೈ ನನಗ ಬಡಿಯಾಕತ್ತದ.”

“ನಂದಲ್ಲ, ನಿನ್ನ ಮೊಣಕೈ ನನಗ ಬಡಿಯಾಕತ್ತದ. ಐದು ವರ್ಷದಿಂದ ಇಲ್ಲೇ ಕುಂತೀನಿ ನಾ.”

“ಹಂಗಾದ್ರ ನಾಳಿಂದ ಮೊಣಕೈ ಚಿಟಗುಪ್ಪದಾಗ ಇಟ್ಟು ಬರ್ತೀನಿ ತಗೋರಿ.”

ಕಮಳಾಬಾಯಿ ನಗುತ್ತಾರೆ. ಆದರೆ ಈ ಮೊಣಕೈ ಅವರಿಗೆ ದಿನಕ್ಕೆ ನೂರು ಸಲ ಒಂದೇ ವಿಷಯವನ್ನು ನೆನಪಿಸುತ್ತದೆ. ಐದು ವರ್ಷ ಆ ಸ್ಟೂಲಿನ ಮೇಲೆ ಕೂತಿದ್ದ ದಿಲ್ಶಾದ್ ಬೇಗಂ ಅವರ ಮೊಣಕೈ ಒಮ್ಮೆಯೂ ತಾಗಿರಲಿಲ್ಲ. ದಿಲ್ಶಾದ್ ಎಡಗೈಯವರು. ಎಡಬದಿಯಲ್ಲಿ ಎಡಗೈ, ಬಲಬದಿಯಲ್ಲಿ ಬಲಗೈ. ನಡುವಿನ ಎರಡು ಕೈಗಳು ಹಾಳೆ ಹಿಡಿದು ಸುಮ್ಮನಿರುತ್ತಿದ್ದವು.

ಹೋಟೆಲಿನ ಮೊದಲ ಮಾಳಿಗೆಯಲ್ಲಿರುವುದು ಈ ಭಾಗದ ಜನ ಬೆರಗಿನಿಂದ ನೋಡುವ ಚೀನೀ ಊಟದ ಮನೆ. ಹಳದಿ ದೀಪ, ಮಡಚಿಟ್ಟ ಬಟ್ಟೆಯ ಕರವಸ್ತ್ರ, ಪಿಸುಮಾತಿನಲ್ಲಿ ಆರ್ಡರ್ ಕೇಳುವ ಹುಡುಗರು. ಹೈದರಾಬಾದಿನಿಂದ ಪುಣೆಗೆ ಹೋಗುವ ಕಾರುಗಳವರು ಫೋನ್ ಮಾಡಿ ಮೇಜು ಹಿಡಿಯುತ್ತಾರೆ. ಬಸವಕಲ್ಯಾಣದ ವ್ಯಾಪಾರಿಗಳು ಬೀಗರನ್ನು ಕರೆತರುತ್ತಾರೆ. ಇಲ್ಲಿಯ ಹೆಸರುವಾಸಿ ತಿನಿಸು ಡಿಮ್ ಸಮ್, ಅಂದರೆ ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಹಬೆಗೆ ಬೆಂದು ಬರುವ ಒಂದೊಂದೇ ತುತ್ತಿನ ಕಡುಬು. ಬೆಂದಾಗ ಹಾಳೆ ಗಾಜಿನಂತಾಗಿ ಒಳಗಿನ ಹೂರಣ ಕಾಣುತ್ತದೆ. ಕಮಳಾಬಾಯಿ ಅದನ್ನು “ಹಬೀ ಕಡಬು” ಎನ್ನುತ್ತಾರೆ.

ಮಡಚುವ ಕಟ್ಟೆಗೂ ಊಟದ ಹಾಲಿಗೂ ನಡುವೆ ಒಂದು ಗಾಜಿನ ಗೋಡೆ. ಅದರ ಮೇಲರ್ಧ ಮಂಜುಗಾಜು, ಕೆಳಗಿನರ್ಧ ಮಾತ್ರ ತಿಳಿಗಾಜು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಗಿರಾಕಿಗಳ ಮುಂದೆ ಮಡಚಬೇಕು. ಅವರಿಗೆ ಕಾಣುವುದು ಕೈ ಮಾತ್ರ, ಮುಖ ಕಾಣುವುದಿಲ್ಲ. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುತ್ತಾರೆ, ದೊಡ್ಡವರು ಫೋನು ಹಿಡಿಯುತ್ತಾರೆ. ದಿಲ್ಶಾದ್ ಅವರ ಎಡಗೈ ಎಷ್ಟೋ ಊರುಗಳ ಎಷ್ಟೋ ಫೋನುಗಳಲ್ಲಿದೆ. ಯಾರ ಫೋನು, ಯಾವ ಊರು ಎಂದು ಯಾರಿಗೂ ತಿಳಿಯದು. ಅಡುಗೆಮನೆಯೊಳಗೆ ಕೆಲಸದವರು ಫೋನು ತರುವಂತಿಲ್ಲ. ದಿಲ್ಶಾದ್ ಅವರ ಮನೆಯಲ್ಲಿ ಆ ಕೈಯ ಒಂದು ಚಿತ್ರವೂ ಇಲ್ಲ.

ಕಮಳಾಬಾಯಿ ಮೋರಖಂಡಿಯ ಬೌದ್ಧ ಕುಟುಂಬದವರು. ಗಂಡ ದತ್ತಾತ್ರಿ ಕಬ್ಬು ಕಡಿಯುವ ಗ್ಯಾಂಗಿನೊಂದಿಗೆ ವರ್ಷದ ಐದು ತಿಂಗಳು ಊರಿನಲ್ಲಿರುವುದಿಲ್ಲ. ಹೋಟೆಲು ಶುರುವಾದಾಗ ಕಮಳಾಬಾಯಿ ಸೇರಿದ್ದು ಪಾತ್ರೆ ತೊಳೆಯಲು. ಅದೇ ವಾರ ಬಸವಕಲ್ಯಾಣದ ಕೋಟೆಯ ಹಿಂದಿನ ಗಲ್ಲಿಯಿಂದ ದಿಲ್ಶಾದ್ ಬೇಗಂ ಸೇರಿದ್ದೂ ಪಾತ್ರೆ ತೊಳೆಯಲು. ಇಬ್ಬರಿಗೂ ಒಂದೇ ಬಸ್ಸು, ಒಂದೇ ತೊಟ್ಟಿ. ಮಡಚಲೆಂದು ನಗರದಿಂದ ಬಂದಿದ್ದ ಹುಡುಗರು ಬಿಸಿ ಹಿಟ್ಟಿಗೆ ಕೈಹಾಕಲಾರದೆ ಅದನ್ನು ಆರಲು ಬಿಡುತ್ತಿದ್ದರು; ದಿನವೂ ಅರ್ಧ ಹಿಟ್ಟು ಕಸಕ್ಕೆ. ಹಿಟ್ಟು ಹಾಳಾಗುವುದನ್ನು ನೋಡಲಾಗದೆ ಒಂದು ದಿನ ಕಮಳಾಬಾಯಿ ತೊಟ್ಟಿ ಬಿಟ್ಟು ಬಂದು ತಾವೇ ನಾದಿಬಿಟ್ಟರು. ಹಾಳೆ ಬಿರಿಯಲಿಲ್ಲ. ಡಾರ್ಜಿಲಿಂಗ್ ಕಡೆಯ ಮುಖ್ಯ ಬಾಣಸಿಗ ಮರುದಿನವೇ ಅವರನ್ನು ಕಟ್ಟೆಗೆ ಕೂರಿಸಿದ. ಇನ್ನೊಬ್ಬರು ಬೇಕೆಂದಾಗ ಅವರು ದಿಲ್ಶಾದರ ಹೆಸರು ಹೇಳಿದರು.

ದಿಲ್ಶಾದ್ ಮೊದಲ ದಿನ ಬಲಗೈಯಿಂದ ಮಡಚಿದರು. ನೆರಿಗೆಗಳು ಒಂದು ದಪ್ಪ, ಒಂದು ಸಣ್ಣ. ಬಾಣಸಿಗ ತಲೆ ಅಲ್ಲಾಡಿಸಿ ಆಚೆ ಹೋದ ಮೇಲೆ, ಯಾರೂ ನೋಡುತ್ತಿಲ್ಲವೆಂದು ಕೈ ಬದಲಿಸಿದರು. ಹದಿಮೂರೂ ನೆರಿಗೆ ಎಣಿಸಿ ಇಟ್ಟ ಹಾಗೆ ಬಂದವು. ವಾಪಸ್ಸು ಬಂದ ಬಾಣಸಿಗ ಆ ಕಡುಬನ್ನು ದೀಪಕ್ಕೆ ಹಿಡಿದು ನೋಡಿದ. ಯಾವ ಕೈ ಎಂದು ಕೇಳಲೇ ಇಲ್ಲ.

“ಸಣ್ಣಾಕಿ ಇದ್ದಾಗಿಂದ ಆ ಕೈಗೆ ಪೆಟ್ಟು ತಿಂದಾಕಿ ಆಪಾ,” ಎಂದು, ದಿಲ್ಶಾದರನ್ನು ಅಕ್ಕ ಎಂಬರ್ಥದಲ್ಲಿ ‘ಆಪಾ’ ಎಂದೇ ಕರೆಯುತ್ತಿದ್ದ ಕಮಳಾಬಾಯಿ ನೆನೆಯುತ್ತಾರೆ. “ದಾವತ್ತಿನ ಅಡಗಿಗೆ ಸಮೋಸಾ ತುಂಬಾಕ ಹೋದ್ರ, ಎಡಗೈ ಅನ್ನಕ್ಕ ಹಚ್ಚಬ್ಯಾಡ ಅಂತ ಎಬ್ಬಿಸಿ ಕಳಸ್ತಿದ್ರಂತ. ನಾ ಅಂದೆ, ಆಪಾ, ನಿಂದು ಒಂದು ಕೈ ಬ್ಯಾಡಂದ್ರು. ನಂದು ಎರಡೂ ಕೈ ಬ್ಯಾಡಂದ್ರು. ಊರಾಗ ಲಗ್ನಕ್ಕ ರೊಟ್ಟಿ ಬಡಿಯಾಕ ಎಲ್ಲಾರ್ನೂ ಕರೀತಿದ್ರು, ನಮ್ಮ ಓಣ್ಯಾಗಿನವ್ರನ್ನ ಕರೀತಿದ್ದಿಲ್ಲ. ಇಬ್ರೂ ಹೊಟ್ಟಿ ಹಿಡ್ಕೊಂಡು ನಕ್ಕೇವಿ ಅವತ್ತು. ಬಸ್ಸಿನಾಗ ಮಂದಿ ತಿರುಗಿ ನೋಡಿದ್ರು.”

ಮನೆಯಲ್ಲಿ ದಿಲ್ಶಾದ್ ಎಲ್ಲವನ್ನೂ ಬಲಗೈಯಿಂದಲೇ ಮಾಡುತ್ತಿದ್ದರು. ರೊಟ್ಟಿ ದಪ್ಪವಾದರೆ ಆಗಲಿ, ಹೊಲಿಗೆ ಸೊಟ್ಟಗಾದರೆ ಆಗಲಿ. ಮಗಳು ಖುಷ್ನುಮಾ ಹುಟ್ಟುವ ಮೊದಲೇ ಆ ಅಭ್ಯಾಸ ಗಟ್ಟಿಯಾಗಿತ್ತು. “ಬಾಯಿ, ನನ್ನ ಉಲ್ಟಾ ಕೈಗೆ ಇಲ್ಲಿ ಅಷ್ಟ ನೌಕರಿ ಅದ. ಮನ್ಯಾಗ ಅದಕ್ಕ ರಜಾ,” ಎನ್ನುತ್ತಿದ್ದರಂತೆ. ಇಬ್ಬರೂ ಸೇರಿ ದಿನಕ್ಕೆ ಸಾವಿರ ಕಡುಬು ಮಡಚುತ್ತಿದ್ದರು. ತಟ್ಟೆ ನೋಡಿದರೆ ಯಾವುದು ಯಾರದು ಎಂದು ಗೊತ್ತಾಗುತ್ತಿತ್ತು: ಕಮಳಾಬಾಯಿಯವರ ನೆರಿಗೆ ಬಲಕ್ಕೆ ಹೊರಳಿದ್ದರೆ, ದಿಲ್ಶಾದ್ ಅವರದು ಎಡಕ್ಕೆ. ಬುಟ್ಟಿಯಲ್ಲಿ ಎರಡೂ ಸೇರಿಕೊಂಡು ಹೋಗುತ್ತಿದ್ದವು. ತಿನ್ನುವವರು ಯಾರೂ ಗಮನಿಸಿದ್ದಿಲ್ಲ.

ಕಳೆದ ನವೆಂಬರಿನ ಮೊದಲ ಗುರುವಾರ ದಿಲ್ಶಾದ್ ಎದೆಯುರಿ ಎಂದು ಕಟ್ಟೆಯಿಂದ ಬೇಗ ಎದ್ದರು. ತಟ್ಟೆಯಲ್ಲಿ ಇಪ್ಪತ್ನಾಲ್ಕು ಕಡುಬು ಆಗಿದ್ದವು, ಇನ್ನೂ ಅಷ್ಟೇ ಆಗಬೇಕಿತ್ತು. “ಅರ್ಧ ಇರ್ಲಿ ಬಾಯಿ. ನಾಳಿ ತುಂಬಸ್ತೀನಿ,” ಎಂದು ತಟ್ಟೆಯನ್ನು ಡಬ್ಬಿಯೊಳಗಿಟ್ಟು, ಮುಚ್ಚಿ ಫ್ರೀಜರಿಗೆ ಸೇರಿಸಿ ಹೋದರು. ಮರುದಿನ ಬೆಳಿಗ್ಗೆ ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಕಮಳಾಬಾಯಿ ಒಂದು ಬಸ್ಸು ಬಿಟ್ಟರು, ಇನ್ನೊಂದು ಬಿಟ್ಟರು. ಮೂರನೆಯ ಬಸ್ಸು ಬರುವ ಮೊದಲು ಗಲ್ಲಿಯ ಹೆಂಗಸೊಬ್ಬಳು ಬಂದು, ಫಜರ್ ನಮಾಜಿನ ಹೊತ್ತಿಗೆ ದಿಲ್ಶಾದ್ ತೀರಿಕೊಂಡರೆಂದು ಹೇಳಿದಳು.

ಮಣ್ಣು ಮುಗಿಸಿ, ಎರಡು ದಿನ ಬಿಟ್ಟು ಕೆಲಸಕ್ಕೆ ಬಂದ ಕಮಳಾಬಾಯಿ ಫ್ರೀಜರ್ ತೆರೆದಾಗ ಆ ಅರ್ಧ ತಟ್ಟೆ ಅಲ್ಲೇ ಇತ್ತು. ಇಪ್ಪತ್ನಾಲ್ಕು ಕಡುಬುಗಳು, ಎಲ್ಲದರ ನೆರಿಗೆಯೂ ಎಡಕ್ಕೆ. “ಆ ಕೈ ಎಂಥಾದ್ದಿತ್ತು ಅಂತ ಮಗಳಿಗೆ ಗೊತ್ತಿಲ್ಲಲ್ಲ ಅಂತ ಅನಿಸ್ತು ನನಗ,” ಎನ್ನುತ್ತಾರೆ. “ಒಮ್ಮೆ ನೋಡ್ಲಿ, ಒಮ್ಮೆ ತಿನ್ಲಿ. ಅಷ್ಟ. ಬ್ಯಾರೆ ಏನೂ ಮನಸಿನಾಗ ಇದ್ದಿಲ್ಲ.”

ಆದರೆ ಅಡುಗೆಮನೆಯ ತಿನಿಸನ್ನು ಕೆಲಸದವರು ಹೊರಗೆ ಒಯ್ಯುವಂತಿಲ್ಲ. ಖುಷ್ನುಮಾಳೇ ಬಂದು ಊಟದ ಹಾಲಿನಲ್ಲಿ ಕೂತು ತಿನ್ನಬೇಕು. ಕಮಳಾಬಾಯಿ ಕೋಟೆಯ ಹಿಂದಿನ ಮನೆಗೆ ಹೋಗಿ ಕರೆದರು. ದಿಲ್ಶಾದ್ ಅವರ ಗಂಡ ಬಂದೇನವಾಜ್, ಟೈರು ಪಂಕ್ಚರ್ ಅಂಗಡಿಯವರು, ತಲೆ ಎತ್ತಲಿಲ್ಲ.

“ಚಾಲೀಸ್ವಾ ಆಗ್ಲಿ ಬಾಯಿ. ನಲವತ್ತು ದಿನ ಆಗೂತನಕ ಮನ್ಯಾಗ ಒಗ್ಗರಣಿ ವಾಸನಿ ಸೈತ ಬ್ಯಾಡ ಅಂದೀನಿ. ಹೋಟಲಿನಾಗ ಹ್ಯಾಂಗ ಕೂಡೂದು?”

ಫ್ರೀಜರಿನ ನಿಯಮ ಬೇರೆ ಇತ್ತು. ಮಡಚಿ ಮೂವತ್ತು ದಿನವಾದ ಮಾಲನ್ನು ಎಸೆಯಬೇಕು. “ಡಬ್ಬಿಗೆ ಮೂವತ್ತು, ಮನುಷ್ಯಾಗ ನಲವತ್ತು,” ಎಂದು ಕಮಳಾಬಾಯಿ ಬೆರಳು ಮಡಚಿ ತೋರಿಸುತ್ತಾರೆ. “ನಡುವಿನ ಹತ್ತು ದಿನ ಎಲ್ಲಿಂದ ತರ್ಲಿ ಹೇಳ್ರಿ?”

ಅಡುಗೆಮನೆಯ ಮ್ಯಾನೇಜರ್ ಮಾಣಿಕಪ್ಪ ಮೊದಲು ಒಪ್ಪಲಿಲ್ಲ. “ಮೂವತ್ತಂದ್ರ ಮೂವತ್ತು ಬಾಯಿ. ನಮ್ಮವ್ವ ಮಾಡಿಟ್ಟಿದ್ರೂ ಎಸೀತಿದ್ದೆ,” ಎಂದರು. ಕಮಳಾಬಾಯಿ ಹಿಟ್ಟಿಗೆ ಮರಳಿದರು. ಇಪ್ಪತ್ತೊಂಬತ್ತನೆಯ ದಿನ ಮಾಣಿಕಪ್ಪನವರೇ ಬಂದು ಆ ಡಬ್ಬಿಯ ಮೇಲೆ ‘ಮಾರಾಟಕ್ಕಲ್ಲ’ ಎಂದು ಚೀಟಿ ಅಂಟಿಸಿದರು. ಕೆಲಸದವರ ಸಾಮಾನಿಡುವ ಹಳೆಯ ಫ್ರೀಜರಿಗೆ ಅದನ್ನು ಸಾಗಿಸಿದರು. “ಚಳ್ಯಾಗ ಇದ್ರ ಕೆಡೂದಿಲ್ಲ, ರುಚಿ ಇಳೀತದ ಅಷ್ಟ. ಗಿರಾಕಿಗೆ ಕೊಡಂಗಿಲ್ಲ. ಮನೀ ಮಂದಿಗೆ ಕೊಡ್ರಿ,” ಎಂದರು. ಫ್ರೀಜರಿನ ಬಾಗಿಲು ಮುಚ್ಚುತ್ತ, “ಆಕಿ ಇದ್ದಾಗ ಒಂದಿನಾ ಹಾಲಿನಾಗ ಕೂಡಸ್ಲಿಲ್ಲ ನಾವು,” ಎಂದು ಸೇರಿಸಿದರಂತೆ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಕು. ಆದರೆ ಮೊದಲ ದಿನದಿಂದಲೂ ಕಮಳಾಬಾಯಿ ಒಂದು ಕೆಲಸ ಮಾಡುತ್ತ ಬಂದಿದ್ದರು. ಬೆಳಿಗ್ಗೆ ಎಸರು ಕುದಿಯುವಷ್ಟು ಹೊತ್ತು, ಅಡುಗೆಮನೆಯಲ್ಲಿ ಇನ್ನೂ ಯಾರೂ ಇರದಾಗ, ಆ ಡಬ್ಬಿಯನ್ನು ಹೊರಗೆ ತೆಗೆಯುತ್ತಿದ್ದರು. ಮುಚ್ಚಳ ಬಿಚ್ಚಿ, ಒಂದು ಸಾಲಿನ ಮೇಲಿನ ಮಂಜಿನ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿ, ನೆರಿಗೆ ನೋಡಿ ಮತ್ತೆ ಒಳಗಿಡುತ್ತಿದ್ದರು. ಕೆಲವು ದಿನ ಹಿಟ್ಟು ನಾದಿ ಮುಗಿಯುವವರೆಗೂ ಅದು ಎಡಬದಿಯ ಸ್ಟೂಲಿನ ಮೇಲೆ ಇರುತ್ತಿತ್ತು.

ಹಾಗೆ ಹೊರಗಿಟ್ಟಾಗಲೆಲ್ಲ ಹಾಳೆಯ ಮೇಲ್ಪದರ ಕರಗುತ್ತದೆ. ಒಳಗಿಟ್ಟಾಗ ಆ ನೀರೇ ಮತ್ತೆ ಹೆಪ್ಪುಗಟ್ಟಿ, ಮೊದಲಿಗಿಂತ ದೊಡ್ಡ ಹರಳಾಗಿ ಹಾಳೆಯನ್ನು ಒಳಗಿನಿಂದ ಸೀಳುತ್ತದೆ. ಪಿಷ್ಟ ನೀರು ಬಿಟ್ಟು ಗಡುಸಾಗುತ್ತದೆ. ಒಂದು ಸಲಕ್ಕೆ ಏನೂ ಕಾಣುವುದಿಲ್ಲ. ಮೂವತ್ತೆಂಟು ಬೆಳಗುಗಳ ಲೆಕ್ಕ ಬೇರೆ. ಒಮ್ಮೆ ತೆಗೆದದ್ದನ್ನು ಮತ್ತೆ ಫ್ರೀಜರಿಗೆ ಇಡಬಾರದೆಂಬ ನಿಯಮ ಗೋಡೆಯ ಮೇಲೆಯೇ ಇದೆ. “ನಿಯಮ ಗೊತ್ತಿತ್ರಿ ನನಗ,” ಎನ್ನುತ್ತಾರೆ ಕಮಳಾಬಾಯಿ. “ಅದು ಮಾಲಿಗೆ ಅಂದ್ಕೊಂಡಿದ್ದೆ. ಇದು ಮಾಲ್ ಅಲ್ಲಲ್ಲ.”

ಚಾಲೀಸ್ವಾ ಮುಗಿದ ಮರುದಿನ, ಮಧ್ಯಾಹ್ನ ಒಂದು ಗಂಟೆಗೆ ಬಂದೇನವಾಜ್ ಮತ್ತು ಖುಷ್ನುಮಾ ಬಂದರು. ಇಬ್ಬರೂ ಹಬ್ಬದ ಬಟ್ಟೆ ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದರು. ಹಾಲಿನ ಬಾಗಿಲಲ್ಲಿ ಬಂದೇನವಾಜ್ ಬಗ್ಗಿ, “ಚಪ್ಲಿ ಇಲ್ಲೇ ಬಿಡಬೇಕೇನ್ರಿ?” ಎಂದು ಕೇಳಿದ್ದು ಅಡುಗೆಮನೆಯವರೆಗೂ ಕೇಳಿಸಿತು. ಮಾಣಿಕಪ್ಪನವರು ಗಾಜಿನ ಗೋಡೆಗೆ ಹತ್ತಿರದ ಮೇಜಿನಲ್ಲಿ ಕೂರಿಸಿದರು. ಡಿಗ್ರಿ ಕೊನೆಯ ವರ್ಷದ ಖುಷ್ನುಮಾ ಮೆನು ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಚ್ಚಿದಳು. ಕೋಳಿ ಹಲಾಲ್ ಹೌದೋ ಅಲ್ಲವೋ ಎಂದು ಕೇಳಲಿಲ್ಲ. ಐದು ವರ್ಷದ ಹಿಂದೆಯೇ ಅದನ್ನು ಅವಳ ತಾಯಿ ಕೇಳಿ ಖಾತ್ರಿ ಮಾಡಿಕೊಂಡಿದ್ದರು.

ಕಮಳಾಬಾಯಿ ಇಪ್ಪತ್ನಾಲ್ಕನ್ನೂ ಮೂರು ಬುಟ್ಟಿಗಳಲ್ಲಿ ಹಬೆಗೆ ಇಟ್ಟರು. ಏಳು ನಿಮಿಷ. ಮುಚ್ಚಳ ತೆಗೆದಾಗ ಮೊದಲ ಬುಟ್ಟಿಯಲ್ಲಿ ಒಂದೂ ಇಡಿಯಾಗಿರಲಿಲ್ಲ. ನೆರಿಗೆಗಳು ಒಂದೊಂದಾಗಿ ಬಾಯಿಬಿಟ್ಟು, ಹಾಳೆ ಚೂರಾಗಿ, ಹೂರಣ ಬುಟ್ಟಿಯ ತಳಕ್ಕೆ ಸುರಿದಿತ್ತು. ಎರಡನೆಯದರಲ್ಲಿ ಒಂದು ಉಳಿದಿತ್ತು. ಮೂರನೆಯದರಲ್ಲಿ ಎರಡು.

ಪಕ್ಕದಲ್ಲಿದ್ದ ಚಂದಮ್ಮ ಮೆಲ್ಲಗೆ ಹೇಳಿದರು: “ಅಕ್ಕಾ, ಜಲ್ದಿ ಹೊಸಾವು ಮಾಡ್ರಿ. ಎಡಕ್ಕ ತಿರುವಿ ಕಳಸ್ರಿ. ಯಾರಿಗೆ ಗೊತ್ತಾಗ್ತದ?”

“ನನಗ ಗೊತ್ತಾಗ್ತದಲ್ಲ.”

ಉಳಿದ ಮೂರನ್ನು ಒಂದು ಬುಟ್ಟಿಗೆ ಹಾಕಿದರು. ಇನ್ನೊಂದು ಬುಟ್ಟಿಗೆ ತಾವು ಬೆಳಿಗ್ಗೆ ಮಡಚಿದ ಮೂರು. ಎರಡನ್ನೂ ಹಿಡಿದು, ಐದು ವರ್ಷದಲ್ಲಿ ಮೊದಲ ಸಲ ಆ ಬಾಗಿಲು ದಾಟಿ ಹಾಲಿಗೆ ಹೋದರು.

“ಮೌಶಿ, ಇವೆರಡೂ ಒಂದೇ ಅಲ್ಲಾ?” ಎಂದಳು ಖುಷ್ನುಮಾ.

“ಅಲ್ಲವ್ವಾ. ಬರಾಬರ್ ನೋಡು. ಇವು ನನ್ನವು, ಬಲಕ್ಕ ಹೊರಳ್ಯಾವ. ಇವು ನಿಮ್ಮ ಅಮ್ಮೀವು.”

ಹುಡುಗಿ ಬುಟ್ಟಿಯ ಮೇಲೆ ಬಾಗಿ, ಉಗುರಿನ ತುದಿಯಿಂದ ನೆರಿಗೆಗಳನ್ನು ಮುಟ್ಟುತ್ತ ಎಣಿಸಿದಳು. ಹದಿಮೂರು. ಮತ್ತೊಂದನ್ನು ಎಣಿಸಿದಳು. ಅದಕ್ಕೂ ಹದಿಮೂರು. “ಅಮ್ಮೀದು ಎಡಗೈ ಇತ್ತಾ?” ಎಂದು ತಂದೆಯನ್ನು ಕೇಳಿದಳು.

ಬಂದೇನವಾಜ್ ಕರವಸ್ತ್ರದ ಮಡಿಕೆ ಬಿಡಿಸಿದರು. “ಇತ್ತು. ಲಗ್ನ ಆಗಿ ಬಂದ ಹೊಸದಾಗ ಎಡಗೈಲೆ ಚಾ ಕೊಟ್ಟಳು. ನಮ್ಮ ತಾಯಿ ಕಪ್ ಇಸ್ಕೊಳ್ಳಲಿಲ್ಲ. ನಾನೂ ಇಸ್ಕೊಳ್ಳಲಿಲ್ಲ. ಅದರ ಮುಂದ ಆ ಕೈ ಎತ್ತಿದ್ದ ನಾ ನೋಡೇ ಇಲ್ಲ.”

ಖುಷ್ನುಮಾ ಒಂದನ್ನು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದಳು. “ಚಲೋ ಅದ ಮೌಶಿ,” ಎಂದಳು. ಒಂದನ್ನು ತಂದೆಯ ತಟ್ಟೆಗೆ ಹಾಕಿ, ಉಳಿದ ಒಂದನ್ನು ಕಮಳಾಬಾಯಿಯ ಕಡೆ ಚಾಚಿದಳು. ಕಮಳಾಬಾಯಿ ನಿಂತಲ್ಲೇ ತಿಂದರು. ಹಾಳೆ ಅಂಚಿನಲ್ಲಿ ಚರ್ಮದ ಹಾಗೆ, ನಡುವೆ ಹಸಿ ಹಿಟ್ಟಿನ ಹಾಗೆ. ದಿಲ್ಶಾದ್ ಕೈಯಿಂದ ಅಂಥದ್ದು ಎಂದೂ ಬಂದಿರಲಿಲ್ಲ.

“ಆ ಹುಡುಗಿಗೆ ತಾಯಿ ಕೈರುಚಿ ತೋರಸ್ಬೇಕಂತಿದ್ದೆ,” ಎನ್ನುತ್ತಾರೆ. “ತೋರಿಸಿದ್ದು ನನ್ನ ತಪ್ಪಿನ ರುಚಿ.” ಅಲ್ಲೇ ಮೇಜಿನ ಪಕ್ಕ ನಿಂತು ಅವರು ಎಲ್ಲವನ್ನೂ ಹೇಳಿಬಿಟ್ಟರು: ಇಪ್ಪತ್ನಾಲ್ಕು ಇದ್ದದ್ದು, ಮೂರು ಉಳಿದದ್ದು, ಡಬ್ಬಿ ತೆಗೆದು ತೆಗೆದು ಕೆಡಿಸಿದವರು ತಾವೇ ಎಂದು.

“ದಿನಾ ತಗದು ನೋಡ್ತಿದ್ರಾ?” ಎಂದಳು ಖುಷ್ನುಮಾ.

“ದಿನಾ.”

“ನಾನಿದ್ರೂ ನೋಡ್ತಿದ್ದೆ ಮೌಶಿ.”

ಬಂದೇನವಾಜ್ ಹೆಂಡತಿ ಮಡಚಿದ್ದನ್ನು ತಟ್ಟೆಯಲ್ಲೇ ಬಿಟ್ಟು ಕಮಳಾಬಾಯಿಯವರ ಕಡುಬುಗಳನ್ನು ತಿಂದರು. ಮಗಳು ಕೈ ತೊಳೆಯಲು ಎದ್ದು ಹೋದಾಗ, ಆರಿ ತಣ್ಣಗಾಗಿದ್ದ ಅದನ್ನು ಕೈಯಿಂದಲೇ ಎತ್ತಿ ಬಾಯಿಗಿಟ್ಟುಕೊಂಡರು. ಯಾವ ಕೈಯಿಂದ ಎಂದು ಕಮಳಾಬಾಯಿ ಹೇಳುವುದಿಲ್ಲ. “ಅದು ಅವರ ಮನೀ ಮಾತ್ರಿ,” ಎಂದಷ್ಟೇ ಹೇಳಿ ಹಿಟ್ಟಿನ ಮೇಲಿನ ಬಟ್ಟೆ ಸರಿಪಡಿಸುತ್ತಾರೆ.

ಈಗ ದಿನಕ್ಕೆ ಏಳುನೂರೂ ಆಗುವುದಿಲ್ಲ. ಐನೂರ ಅರವತ್ತು ಕಮಳಾಬಾಯಿಯವರದು, ಉಳಿದದ್ದು ಚಂದಮ್ಮನವರದು. ಪ್ರತಿ ತಟ್ಟೆಯ ಕೊನೆಯ ಕಡುಬನ್ನು ಕಮಳಾಬಾಯಿ ಎಡಗೈಯಿಂದ ಮಡಚಲು ನೋಡುತ್ತಾರೆ. ಒಂಬತ್ತು ನೆರಿಗೆಯವರೆಗೆ ಬರುತ್ತದೆ. ಆಮೇಲೆ ಹಾಳೆ ಹರಿಯುತ್ತದೆ. ಹರಿದದ್ದನ್ನು ಮತ್ತೆ ಹಿಟ್ಟಿಗೆ ಸೇರಿಸಲಾಗದು, ಪಕ್ಕಕ್ಕೆ ಇಡುತ್ತಾರೆ. ಚಂದಮ್ಮ ಮುಂದಿನ ತಿಂಗಳಿಂದ ತರಕಾರಿ ಹೆಚ್ಚುವ ಕಟ್ಟೆಗೆ ಹೋಗಲಿದ್ದಾರೆ. “ಅಲ್ಲಿ ನನ್ನ ಮೊಣಕೈಗೆ ಜಾಗಾ ಅದ,” ಎಂದು ಅವರು ಚೇಷ್ಟೆ ಮಾಡುತ್ತಾರೆ. ಎಡಬದಿಯ ಸ್ಟೂಲಿಗೆ ಯಾರನ್ನು ತರಬೇಕೆಂದು ಮಾಣಿಕಪ್ಪನವರು ಕೇಳಿದ್ದಾರೆ. ಐದು ವರ್ಷದಲ್ಲಿ ಕಮಳಾಬಾಯಿ ಈ ಹೋಟೆಲಿನಲ್ಲಿ ತಮಗೆಂದು ಕೇಳಿರುವುದು ಇದೊಂದೇ.

“ಎಡಗೈಯಾಕಿ ಯಾರರ ಇದ್ರ ಕಳಸ್ರಿ,” ಎನ್ನುತ್ತಾರೆ, ಹದಿಮೂರನೆಯ ನೆರಿಗೆ ಚಿವುಟುತ್ತ. “ಮಡಚೂದು ನಾ ಕಲಸ್ತೀನಿ. ಯಾರದರ ಮನ್ಯಾಗ ಬೈಸ್ಕೊಂಡು, ಆ ಕೈ ಸೆರಗಿನಾಗ ಮುಚ್ಚಿ ಇಟ್ಕೊಂಡು ಕುಂತಿರ್ತಾಳ. ಇಲ್ಲಿ ಜಾಗಾ ಖಾಲಿ ಅದ ಅಂತ ಹೇಳ್ರಿ ಆಕೀಗೆ.”